ಮನೆಯ ಕಂಪ್ಯೂಟರಿಗೆ ಬಿದ್ದ ಬೀಗ

ಮಾನ್ಯ ಸಂಪಾದಕರೇ,

ರ‍್ಯಾನ್ಸಮ್‌ವೇರ್ (ಕಂಪ್ಯೂಟರಿನ ಕಡತಗಳಿಗೆ ಬೀಗ ಹಾಕಿ, ತೆರೆಯಲು ಹಣ ಕೇಳುವ ಕುತಂತ್ರಾಂಶ) ಎಂಬ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ದೊಡ್ಡ ಸಂಸ್ಥೆಗಳಿಗೆ ಏಟು ಬಿದ್ದಾಗ ಮಾತ್ರ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಸ್ಥಗಿತಗೊಂಡು, ದಿನಗಟ್ಟಲೆ ಎಲ್ಲವನ್ನೂ ಕೈಬರಹದಲ್ಲೇ ನಡೆಸಬೇಕಾಗಿ ಬಂದ ಸುದ್ದಿಯನ್ನು ನಾನೂ ಓದಿ ಪುಟ ತಿರುಗಿಸಿದ್ದೆ. ಪಿಂಚಣಿಯ ಲೆಕ್ಕ, ಮಕ್ಕಳ ಮದುವೆಯ ಫೋಟೊ, ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಊರಿನ ಹಳೆಯ ಹಾಡುಗಳು, ಇಷ್ಟು ಬಿಟ್ಟರೆ ಬೇರೇನೂ ಇಲ್ಲದ ನಿವೃತ್ತ ಶಿಕ್ಷಕನ ಕಂಪ್ಯೂಟರ್ ಯಾರಿಗೆ ಬೇಕು ಎಂಬ ಧೈರ್ಯ ನನ್ನದಾಗಿತ್ತು. ಆ ಧೈರ್ಯ ಹೇಗೆ ಇಳಿಯಿತೆಂಬುದನ್ನು, ಇತರರಿಗೆ ಉಪಯೋಗವಾದೀತೆಂದು, ಇಲ್ಲಿ ಬರೆಯುತ್ತಿದ್ದೇನೆ.

ಒಂದು ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಫೋಟೊಗಳ ಜಾಗದಲ್ಲಿ ಬರೀ ಬಿಳಿ ಹಾಳೆಯ ಚಿತ್ರಗಳಿದ್ದವು. ಪ್ರತಿಯೊಂದು ಕಡತದ ಹೆಸರಿನ ತುದಿಗೆ ಅರ್ಥವಿಲ್ಲದ ನಾಲ್ಕು ಅಕ್ಷರಗಳು ಅಂಟಿಕೊಂಡಿದ್ದವು, ಒಂದೊಂದು ಫೋಲ್ಡರಿನಲ್ಲೂ ‘ರೀಡ್‌ಮಿ’ ಎಂಬ ಹೆಸರಿನ ಓಲೆಯೊಂದಿತ್ತು. ಬೀಗದ ಕೈಗೆ 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ, ಅಂದರೆ 490 ಡಾಲರ್. ರಿಯಾಯಿತಿ ಮಾರಾಟದ ಈ ಭಾಷೆಯೇ ಮನೆಯ ಕಂಪ್ಯೂಟರುಗಳನ್ನು ಬಹಳವಾಗಿ ಕಾಡಿರುವ ‘ಸ್ಟಾಪ್’ ಅಥವಾ ‘ಡಿಜೆವು’ ಎಂಬ ತಳಿಯ ಗುರುತೆಂದು ಆಮೇಲೆ ತಿಳಿಯಿತು.

ಇದು ಒಳಗೆ ಬಂದದ್ದು ಮಿಂಚಂಚೆಯಿಂದಲ್ಲ. ರಜೆಗೆ ಬಂದಿದ್ದ ಹುಡುಗನೊಬ್ಬ, ಹಣ ಕೊಟ್ಟು ಕೊಳ್ಳಬೇಕಾದ ಫೋಟೊ ತಿದ್ದುವ ತಂತ್ರಾಂಶವೊಂದರ ‘ಕ್ರ್ಯಾಕ್’, ಅಂದರೆ ಪರವಾನಗಿ ತಪ್ಪಿಸುವ ಕಳ್ಳ ಪ್ರತಿ, ಇಳಿಸಿಕೊಂಡಿದ್ದ. ಕ್ರ್ಯಾಕ್ ಕೊಡುವ ತಾಣಗಳಲ್ಲಿ ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ ಇದ್ದೇ ಇರುತ್ತದೆ, ಅವನು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಅವನನ್ನು ಬೈಯುವ ಅಧಿಕಾರ ನನಗಿರಲಿಲ್ಲ. ಕಂಪ್ಯೂಟರ್ ಕೊಂಡಾಗ ಅಂಗಡಿಯವರು ವಿಂಡೋಸನ್ನೇ ಹಾಗೆ ಪುಕ್ಕಟೆಯಾಗಿ ಹಾಕಿಕೊಟ್ಟಾಗ ಸುಮ್ಮನಿದ್ದವನು ನಾನೇ. ನಮ್ಮಲ್ಲಿ ಕ್ರ್ಯಾಕ್ ಎಂದರೆ ಕಳವು ಎಂದಾಗಲಿ ಅಪಾಯ ಎಂದಾಗಲಿ ಯಾರಿಗೂ ಅನ್ನಿಸುವುದಿಲ್ಲ, ಅದೊಂದು ಜಾಣತನವಾಗಿ ನಡೆದುಕೊಂಡು ಬಂದಿದೆ. ನುಡಿ, ಲಿಬ್ರೆ ಆಫೀಸ್, ಫೋಟೊ ತಿದ್ದುವ ಗಿಂಪ್, ಚಿತ್ರ ಬರೆಯುವ ಇಂಕ್‌ಸ್ಕೇಪ್ ಮುಂತಾದವು ನ್ಯಾಯವಾಗಿಯೇ ಉಚಿತವಾಗಿ ಸಿಗುತ್ತಿರುವಾಗ, ಮನೆಯ ಅಗತ್ಯಕ್ಕೆ ಈ ಹಿಂಬಾಗಿಲು ಬೇಕಾಗಿಯೇ ಇಲ್ಲ.

ಎರಡನೆಯ ತಪ್ಪು ಸಂಪೂರ್ಣವಾಗಿ ನನ್ನದು. ನನ್ನ ಬಳಿ ಬ್ಯಾಕಪ್ ಡಿಸ್ಕ್ ಇತ್ತು, ಆದರೆ ಅದು ಮೂರು ವರ್ಷಗಳಿಂದ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇತ್ತು. ಈ ಕುತಂತ್ರಾಂಶವು ಕಣ್ಣಿಗೆ ಬಿದ್ದ ಡಿಸ್ಕ್, ಪೆನ್‌ಡ್ರೈವ್‌ಗಳನ್ನೆಲ್ಲ ತಡಕಾಡುವುದಲ್ಲದೆ, ವಿಂಡೋಸ್ ತಾನಾಗಿ ಇಟ್ಟುಕೊಳ್ಳುವ ಹಳೆಯ ನೆರಳು ಪ್ರತಿಗಳನ್ನೂ ಅಳಿಸಿಹಾಕುತ್ತದೆ. ಪೆಟ್ಟಿಗೆಯ ಮೇಲೆಯೇ ಬೀಗದ ಕೈ ಇಟ್ಟಂತಾಗಿತ್ತು ನನ್ನ ಏರ್ಪಾಡು.

ಬೀಗ ಎಷ್ಟು ಗಟ್ಟಿ ಎಂಬುದರ ಬಗ್ಗೆ ಎರಡು ಮಾತು. ಈ ತಳಿಯ ಹಳೆಯ 148 ರೂಪಗಳಿಗೆ 2019ರ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಎಂಬ ಕಂಪ್ಯೂಟರ್ ಭದ್ರತಾ ಸಂಸ್ಥೆ ಉಚಿತ ಪರಿಹಾರ ಹೊರತಂದಿತು. ಆದರೆ ಅದಕ್ಕೂ ಮೊದಲೇ, ಅದೇ ವರ್ಷದ ಆಗಸ್ಟ್ ಹೊತ್ತಿಗೆ, ದುಷ್ಕರ್ಮಿಗಳು ತಮ್ಮ ವಿಧಾನವನ್ನು ಬಿಗಿ ಮಾಡಿಕೊಂಡಿದ್ದರು. ಅಂದಿನಿಂದ ಪ್ರತಿ ಕಂಪ್ಯೂಟರಿನ ಕೀಲಿಯೂ ಅವರ ಸರ್ವರ್‌ನಲ್ಲೇ ಉಳಿಯುತ್ತದೆ. ಆದರೆ ಬೀಗ ಹಾಕುವ ಹೊತ್ತಿಗೆ ಆ ಸರ್ವರ್ ಸಿಗದಿದ್ದರೆ, ಕುತಂತ್ರಾಂಶವು ತನ್ನೊಳಗೇ ಇರುವ, ಎಲ್ಲರಿಗೂ ಒಂದೇ ಆದ ಕೀಲಿಯನ್ನು ಬಳಸುತ್ತದೆ. ಓಲೆಯ ಕೊನೆಯಲ್ಲಿರುವ ಗುರುತು ಸಂಖ್ಯೆ ‘ಟಿ1’ ಎಂದು ಮುಗಿದಿದ್ದರೆ ಅಂಥದ್ದು ಎಂದು ತಿಳಿಯಬೇಕು. ಮುಂದೆ ಎಂದಾದರೂ ಆ ಒಂದು ಕೀಲಿ ಹೊರಬಿದ್ದರೆ ಹಲವರ ಬೀಗ ಒಟ್ಟಿಗೆ ತೆರೆಯುತ್ತದೆ. ನನ್ನದು ಹಾಗೆ ಮುಗಿದಿರಲಿಲ್ಲ. ನೆದರ್ಲೆಂಡ್ಸ್‌ನ ಪೊಲೀಸರು, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಬೀಗ ಬಿದ್ದ ಒಂದು ಕಡತವನ್ನೂ ಓಲೆಯನ್ನೂ ಕೊಟ್ಟರೆ ಯಾವ ತಳಿ, ಔಷಧವಿದೆಯೇ ಎಂಬುದು ಹಣವಿಲ್ಲದೆ ತಿಳಿಯುತ್ತದೆ. ‘ನಾವು ತೆರೆದುಕೊಡುತ್ತೇವೆ’ ಎಂದು ಮುಂಗಡ ಕೇಳುವವರ ಬಳಿಗೆ ಹೋಗುವ ಮೊದಲು ಅಲ್ಲಿಗೆ ಹೋಗುವುದು ಮೇಲು.

ಫೋಟೊ, ಬರಹಗಳು ಹೋದವು. ಆದರೆ ಈ ತಳಿಯು ಅವಸರಕ್ಕಾಗಿ ಪ್ರತಿ ಕಡತದ ಮೊದಲ 150 ಕಿಲೋಬೈಟ್‌ನಷ್ಟನ್ನು ಮಾತ್ರ ಕೆಡಿಸುತ್ತದೆಂದು ತಿಳಿದ ಶಿಷ್ಯನೊಬ್ಬ, ನನ್ನ ತಾಯಿಯ ಹಾಡುಗಳಿದ್ದ ಎಂಪಿ3 ಕಡತಗಳ ಪ್ರತಿ ತೆಗೆದು, ಹೆಸರಿನ ತುದಿಯ ನಾಲ್ಕು ಅಕ್ಷರ ಅಳಿಸಿ ನುಡಿಸಿ ನೋಡಿದ. ಮೊದಲ ಹತ್ತು ಸೆಕೆಂಡಿನಷ್ಟು ಹೋಗಿ, ಅಲ್ಲಿಂದ ಮುಂದೆ ಅಮ್ಮನ ಸೋಬಾನೆ ಪದ ಸ್ವಚ್ಛವಾಗಿ ಕೇಳಿಸಿತು. ಪ್ರತಿ ಹಾಡೂ ಈಗ ಪಲ್ಲವಿಯ ನಡುವಿನಿಂದ ಆರಂಭವಾಗುತ್ತದೆ.

ಮನೆಯವರು ಮಾಡಿಕೊಳ್ಳಬಹುದಾದ ಕಾವಲು ದುಬಾರಿಯದಲ್ಲ. ವಿಂಡೋಸ್ 10 ಮತ್ತು 11ರ ಭದ್ರತಾ ವಿಭಾಗದಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬ ಸೌಲಭ್ಯವಿದೆ. ಗುರುತಿಲ್ಲದ ತಂತ್ರಾಂಶಗಳು ನಮ್ಮ ಕಡತಗಳನ್ನು ಮುಟ್ಟದಂತೆ ಅದು ತಡೆಯುತ್ತದೆ. ವಿಚಿತ್ರವೆಂದರೆ ಅದು ಆರಂಭದಲ್ಲಿ ಆಫ್ ಆಗಿಯೇ ಇರುತ್ತದೆ, ನಾವೇ ಹುಡುಕಿ ಆನ್ ಮಾಡಬೇಕು. ಒಂದೆರಡು ದಿನ ನಿಮ್ಮದೇ ತಂತ್ರಾಂಶಗಳನ್ನೂ ತಡೆದು ಕಿರಿಕಿರಿ ಮಾಡಬಹುದು, ಅವುಗಳಿಗೆ ಅನುಮತಿ ಕೊಟ್ಟರಾಯಿತು. ಅಪ್‌ಡೇಟ್‌ಗಳನ್ನು ಮುಂದೂಡುವ ಅಭ್ಯಾಸವನ್ನಂತೂ ಬಿಡಲೇಬೇಕು. 2017ರ ಮೇ 12ರಂದು ಹಬ್ಬಿ ಸುಮಾರು 150 ದೇಶಗಳನ್ನು ತಟ್ಟಿದ ವನ್ನಾಕ್ರೈ ಎಂಬ ಇಂಥದೇ ಕುತಂತ್ರಾಂಶ ನುಸುಳಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು, ಎರಡು ತಿಂಗಳಾದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬ್ಯಾಕಪ್‌ಗೆ ನಾನೀಗ ಎರಡು ಡಿಸ್ಕ್ ಇಟ್ಟುಕೊಂಡಿದ್ದೇನೆ. ಭಾನುವಾರ ಒಂದನ್ನು ಸಿಕ್ಕಿಸಿ, ಪ್ರತಿ ತೆಗೆದು, ಕಿತ್ತು ಬೀರುವಿನಲ್ಲಿಡುತ್ತೇನೆ. ಇನ್ನೊಂದು ತಂಗಿಯ ಮನೆಯಲ್ಲಿರುತ್ತದೆ.

ಬೀಗ ಬಿದ್ದದ್ದು ಕಂಡೊಡನೆ ಇಂಟರ್‌ನೆಟ್ ತಂತಿ ಅಥವಾ ವೈಫೈ ಕಡಿಯಬೇಕು. ಬ್ಯಾಂಕ್, ಮಿಂಚಂಚೆಗಳ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಬೇಕು, ಏಕೆಂದರೆ ಈ ತಳಿಯ ಜತೆಗೆ ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಬಂದಿಳಿಯುವುದುಂಟು. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಹಣವೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಸುಲಿಗೆಯ ಹಣವನ್ನು ನಾನು ಕೊಡಲಿಲ್ಲ. ಕೊಟ್ಟರೆ ಕೀಲಿ ಬಂದೇ ಬರುತ್ತದೆಂಬ ಖಾತರಿ ಯಾರೂ ಕೊಡಲಾರರು.

ಕೊನೆಯದಾಗಿ, ಊರೂರಿನ ಕಂಪ್ಯೂಟರ್ ರಿಪೇರಿ ಅಂಗಡಿಗಳವರಲ್ಲಿ ಒಂದು ವಿನಂತಿ. ನಾನು ಮೊದಲು ಹೋದ ಅಂಗಡಿಯಲ್ಲಿ ‘ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತದೆ’ ಎಂದು ಡಿಸ್ಕನ್ನು ಅಳಿಸಲು ಕೈಹಾಕಿದ್ದರು. ನಾನು ಹೂಂ ಎಂದಿದ್ದರೆ ಅಮ್ಮನ ಹಾಡೂ ಉಳಿಯುತ್ತಿರಲಿಲ್ಲ. ಇಂಥ ಕಂಪ್ಯೂಟರ್ ಬಂದಾಗ ಹಳೆಯ ಡಿಸ್ಕನ್ನು ಓಲೆಯ ಸಮೇತ ಬಿಚ್ಚಿ ಗಿರಾಕಿಯ ಕೈಗೆ ಕೊಟ್ಟು, ಹೊಸ ಡಿಸ್ಕ್ ಹಾಕಿ ಕೆಲಸ ಮುಂದುವರಿಸಿ.

— ನಿವೃತ್ತ ಪ್ರೌಢಶಾಲಾ ಶಿಕ್ಷಕ, ಶಿವಮೊಗ್ಗ ಜಿಲ್ಲೆ