ಸಣ್ಣೂರಿನ ಬ್ಯಾಂಕಿನ ನೋಟು ಕೊಳ್ಳುವ ಮುನ್ನ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಮೆರಿಕದ ಓಹಾಯೋ ರಾಜ್ಯದ ಸಣ್ಣೂರುಗಳ ನ್ಯಾಷನಲ್ ಬ್ಯಾಂಕ್ ನೋಟು ಕೂಡಿಡಬೇಕು ಅಂತ ಬರೆದಿದ್ದೀಯ. ಒಳ್ಳೆಯದೇ. ಆದರೆ ಹಳೆಯದಾದಷ್ಟೂ ದುಬಾರಿ ಅಂದುಕೊಂಡರೆ ಕೈ ಸುಟ್ಟುಕೊಳ್ಳುತ್ತೀಯ. ಬೆಲೆ ನಿಂತಿರುವುದು ಆ ಬ್ಯಾಂಕಿನ ನೋಟು ಇಂದು ಎಷ್ಟು ಉಳಿದಿದೆ ಎಂಬುದರ ಮೇಲೆ.

1863ರಿಂದ 1935ರವರೆಗೆ ಈ ಬ್ಯಾಂಕುಗಳು ಖಜಾನೆಯಲ್ಲಿ ಸರ್ಕಾರಿ ಬಾಂಡ್ ಇಟ್ಟು ತಮ್ಮ ಹೆಸರಿನ ನೋಟು ಪಡೆಯುತ್ತಿದ್ದವು. ಒಂದೊಂದು ಬ್ಯಾಂಕಿಗೂ ಒಂದು ಚಾರ್ಟರ್ ಸಂಖ್ಯೆ, ಅಂದರೆ ಸರ್ಕಾರಿ ಪರವಾನಗಿಯ ಸಂಖ್ಯೆ. ಫಿಲಡೆಲ್ಫಿಯಾದ ಫಸ್ಟ್ ನ್ಯಾಷನಲ್ ಬ್ಯಾಂಕಿನದು 1. ಒಂದೇ ಊರಲ್ಲಿ ಒಂದು ಫಸ್ಟ್ ನ್ಯಾಷನಲ್ ಮುಚ್ಚಿ, ಅದೇ ಹೆಸರಲ್ಲಿ ಇನ್ನೊಂದು ತೆರೆದದ್ದೂ ಉಂಟು. ಹಾಗಾಗಿ ಹೆಸರು ನಂಬಬೇಡ, ಸಂಖ್ಯೆ ನೋಡು. ಆ ಸಂಖ್ಯೆ ಹಿಡಿದು ಇಂದು ಉಳಿದಿರುವ ನೋಟುಗಳ ಪಟ್ಟಿಯಾದ ನ್ಯಾಷನಲ್ ಕರೆನ್ಸಿ ಫೌಂಡೇಶನ್ನಿನ ಗಣತಿಯಲ್ಲಿ ಎಷ್ಟು ನೋಟು ದಾಖಲಾಗಿದೆ ಅಂತ ನೋಡಿದ ಮೇಲೆಯೇ ಬೆಲೆ ಮಾತಾಡು.

ಶುರುವಿಗೆ 1929ರ ಸರಣಿಯ ಚಿಕ್ಕ ನೋಟು ಸಾಕು. ಅದರಲ್ಲಿ ಎರಡು ಬಗೆ. ಟೈಪ್ 1ರಲ್ಲಿ ಚಾರ್ಟರ್ ಸಂಖ್ಯೆ ಕಪ್ಪಿನಲ್ಲಿ ಎರಡು ಕಡೆ ಇರುತ್ತದೆ. ಟೈಪ್ 2ರಲ್ಲಿ ಅದರ ಜೊತೆಗೆ ಕಂದು ಬಣ್ಣದಲ್ಲೂ ಅಚ್ಚಾಗಿರುತ್ತದೆ. ಖಜಾನೆಯ ಕಂದು ಮುದ್ರೆ (ಸೀಲ್) ನೋಡಿ ಮೋಸಹೋಗಬೇಡ: ಅದೇ ವರ್ಷದ, ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಫೆಡರಲ್ ರಿಸರ್ವ್ ಬ್ಯಾಂಕ್ ನೋಟಿಗೂ ಅದೇ ಮುದ್ರೆ ಇದೆ, ಚಾರ್ಟರ್ ಸಂಖ್ಯೆ ಮಾತ್ರ ಇಲ್ಲ.

1929ರ ಸರಣಿಗಿಂತ ಹಿಂದಿನ ದೊಡ್ಡ ಗಾತ್ರದ ನೋಟುಗಳಲ್ಲಿ ಬ್ಯಾಂಕಿನವರ ಸಹಿ ಮೊದಲು ನೋಡು: ಎಡಕ್ಕೆ ಬ್ಯಾಂಕಿನ ಕ್ಯಾಷಿಯರ್, ಬಲಕ್ಕೆ ಬ್ಯಾಂಕಿನ ಅಧ್ಯಕ್ಷ. ಪೆನ್ನಿನ ಸಹಿಯ ಮಸಿ ವರ್ಷಗಳು ಕಳೆದಂತೆ ಕಂದಾಗುತ್ತದೆ, ರಬ್ಬರ್ ಮೊಹರಿನದು ಎಷ್ಟೋ ಸಲ ಪೂರ್ತಿ ಮಾಸಿರುತ್ತದೆ. ಸವೆದು ಸಪ್ಪೆಯಾದ ನೋಟಿನ ಮೇಲೆ ಸಹಿ ಮಾತ್ರ ಕಡುಗಪ್ಪಾಗಿ ಹೊಳೆದರೆ ಯಾರೋ ತಿದ್ದಿದ್ದಾರೆ. ಅಂಚು ಸೊಟ್ಟಗಿದ್ದರೆ ಗಾಬರಿ ಬೇಡ. ನೋಟು ಸಾಮಾನ್ಯವಾಗಿ ನಾಲ್ಕರ ಹಾಳೆಯಾಗಿ ಬರುತ್ತಿತ್ತು, ಬ್ಯಾಂಕಿನವರೇ ಕತ್ತರಿಯಲ್ಲಿ ಕತ್ತರಿಸುತ್ತಿದ್ದರು. ಕತ್ತರಿ ಚೌಕಟ್ಟಿನ ಗೆರೆಯನ್ನೇ ತಿಂದಿದ್ದರೆ ಮಾತ್ರ ಬೆಲೆ ಇಳಿಸು.

ತೊಳೆದ ನೋಟನ್ನು ಬೆಳಕಿಗೆ ಹಿಡಿದು ಗುರುತಿಸು. ಕಾಗದ ಅತಿ ಬೆಳ್ಳಗೆ, ಸೀಲಿನ ಬಣ್ಣ ಪೇಲವ, ಬೆರಳಿಗೆ ಸಿಗಬೇಕಾದ ಅಚ್ಚಿನ ಉಬ್ಬು ಚಪ್ಪಟೆ. ಯು.ವಿ. (ನೇರಳಾತೀತ) ದೀಪದಡಿ ತೇಪೆ ಬೇರೆಯಾಗಿ ಹೊಳೆದರೆ ಬಿಟ್ಟುಬಿಡು. ಆದರೆ ಗಣತಿಯಲ್ಲಿ ಎರಡೋ ಮೂರೋ ನೋಟು ಮಾತ್ರ ಇರುವ ಬ್ಯಾಂಕಿನದಾದರೆ, ತೇಪೆ ಇದ್ದರೂ ಕೊಳ್ಳಬಹುದು. ಕಾದರೆ ಇನ್ನೊಂದು ಸಿಗದೆಯೂ ಹೋಗಬಹುದು.

ಇಡುವುದಕ್ಕೆ ಮೈಲಾರ್ (ಪಾರದರ್ಶಕ ಪಾಲಿಯೆಸ್ಟರ್) ಲಕೋಟೆಯೇ ಆಗಬೇಕು. ಪಿ.ವಿ.ಸಿ. ಆಲ್ಬಮ್ ಕ್ರಮೇಣ ಅಂಟಂಟಾಗಿ ನೋಟಿಗೆ ಮೆತ್ತಿಕೊಳ್ಳುತ್ತದೆ. ಮುಂದಿನ ನೋಟು ಕೊಳ್ಳುವ ಮುನ್ನ ಎರಡೂ ಬದಿಯ ಫೋಟೊ ಕಳಿಸು.

ಇತಿ,
ನಿನ್ನ ದೊಡ್ಡಪ್ಪ