ಆ ರಾತ್ರಿ ಫೋನ್ ಎತ್ತಿದ ಅಕ್ಕನಿಗೆ

ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು. ಅಣ್ಣ ಕುಡಿತ ಬಿಟ್ಟ ಎರಡನೇ ದಿನ ಅದು. ಕೈ ನಡುಕ, ಮೈಯೆಲ್ಲ ಬೆವರು, ಯಾರೋ ಕರೆಯುತ್ತಿದ್ದಾರೆ ಅನ್ನುತ್ತಿದ್ದ. ಮನೆಯಲ್ಲೇ ತಡೆದುಕೊಳ್ಳಲಿ ಅಂತ ನಾವು ಸುಮ್ಮನಿದ್ದೆವು. ಸಹಾಯವಾಣಿಯಲ್ಲಿ ನೀವು ಹೇಳಿದಿರಿ: "ಇದು ಹಟದ ವಿಷಯ ಅಲ್ಲ. ವರ್ಷಗಟ್ಟಲೆ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಈಗಲೇ ಆಸ್ಪತ್ರೆಗೆ ಹೊರಡಿ."

ಅಲ್ಲಿ ಥಯಾಮಿನ್ ಅಂದರೆ ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟರು, ನಡುಕ ಇಳಿಸಲು ಡಯಾಜೆಪಾಮ್ ಕೊಟ್ಟರು. ಅಣ್ಣ ಉಳಿದ.

ಆಮೇಲೆ ಒಮ್ಮೆ ಮತ್ತೆ ಕುಡಿದ. ಜಾರಿದರೆ ಬೈಯಬೇಡಿ, ಚಿಕಿತ್ಸೆ ಬದಲಿಸಬೇಕಾ ಅಂತ ಡಾಕ್ಟರನ್ನು ಕೇಳಿ ಅಂದಿದ್ದಿರಿ ಅಲ್ವಾ? ನಾವು ಬೈಯಲಿಲ್ಲ. ಮರುದಿನ ಅವನೇ ಎದ್ದು ಡಾಕ್ಟರ ಹತ್ತಿರ ಹೋದ. ಈಗ ಕುಡಿಯದೆ ನಾಲ್ಕು ತಿಂಗಳಾಯಿತು. ತುಂಬಾ ಥ್ಯಾಂಕ್ಸ್ ಅಕ್ಕ.