ಕತ್ತೆ ಹುಡುಕಲು ಹೋದ ಸೌಲ

ಪ್ರೀತಿಯ ಗೆಳೆಯಾ,

ಕಳೆದ ವಾರ ಫೋನಿನಲ್ಲಿ ನೀನು ಇಸ್ರಾಯೇಲಿನ ಮೊದಲ ಅರಸ ಸೌಲನನ್ನು ‘ದಾವೀದನ ದಾರಿಗೆ ಅಡ್ಡ ಬಂದ ಹೊಟ್ಟೆಕಿಚ್ಚಿನ ಮುದುಕ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟೆ. ಆಗ ಸುಮ್ಮನಿದ್ದೆ. ಮರುದಿನ ಸತ್ಯವೇದ (ಬೈಬಲ್) ತೆಗೆದು ಸಮುವೇಲನ ಮೊದಲ ಪುಸ್ತಕವನ್ನು 9ನೇ ಅಧ್ಯಾಯದಿಂದ ಕೊನೆಯವರೆಗೆ ಓದಿದೆ. ಹೊಟ್ಟೆಕಿಚ್ಚು ನಿಜ. ಆದರೆ ಉಳಿದದ್ದನ್ನೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಅವನು ಮನೆ ಬಿಟ್ಟದ್ದು ರಾಜ್ಯ ಅರಸಿಕೊಂಡಲ್ಲ, ಅಪ್ಪನ ಕತ್ತೆಗಳು ತಪ್ಪಿಸಿಕೊಂಡಿದ್ದವು. ಆಳಿನೊಂದಿಗೆ ಬೆಟ್ಟಗುಡ್ಡ ಸುತ್ತಿ, ಬುತ್ತಿಯೂ ಮುಗಿದಾಗ, ‘ಹಿಂದಿರುಗೋಣ, ಅಪ್ಪ ಕತ್ತೆಯ ಚಿಂತೆ ಬಿಟ್ಟು ನಮ್ಮ ಚಿಂತೆ ಹಚ್ಚಿಕೊಂಡಾನು’ ಎನ್ನುತ್ತಾನೆ. ದೇವರ ಮನುಷ್ಯನನ್ನು ಕೇಳೋಣವೆಂದರೆ ಕಾಣಿಕೆಗೆ ಇದ್ದದ್ದು ಆಳಿನ ಬಳಿಯ ಕಾಲು ಶೆಕೆಲ್ ಬೆಳ್ಳಿ, ಇಂದಿನ ಲೆಕ್ಕದಲ್ಲಿ ಸುಮಾರು 3 ಗ್ರಾಂ. ಆ ಪ್ರವಾದಿ ಸಮುವೇಲನೋ, ಮೂವತ್ತು ಮಂದಿಯ ಪಂಕ್ತಿಯಲ್ಲಿ ಇವನನ್ನು ಮೊದಲಿಗೆ ಕೂರಿಸಿ, ಅಡುಗೆಯವನಿಗೆ ಹೇಳಿ ಮೊದಲೇ ತೆಗೆದಿರಿಸಿದ್ದ ತೊಡೆಯ ಮಾಂಸ ಬಡಿಸುತ್ತಾನೆ. ಮರುದಿನ ಬೆಳಿಗ್ಗೆ ಊರಂಚಿನಲ್ಲಿ, ನೀನೇ ಅರಸ ಎಂಬ ಗುರುತಿಗೆ, ತಲೆಗೆ ಎಣ್ಣೆ ಹೊಯ್ಯುತ್ತಾನೆ. ಮನೆಗೆ ಬಂದ ಸೌಲ ಕತ್ತೆ ಸಿಕ್ಕಿದ್ದನ್ನು ಚಿಕ್ಕಪ್ಪನಿಗೆ ಹೇಳಿದ, ರಾಜ್ಯದ ಸುದ್ದಿ ಬಾಯಿಬಿಡಲಿಲ್ಲ. ಮಿಚ್ಪೆಯಲ್ಲಿ ಅರಸನ ಆಯ್ಕೆಗೆ ಚೀಟಿ ಹಾಕಿ ಅವನ ಹೆಸರು ಬಂದಾಗ ಸಾಮಾನುಗಳ ನಡುವೆ ಅಡಗಿ ಕುಳಿತಿದ್ದ. ಎಲ್ಲರಿಗಿಂತ ಒಂದು ತಲೆ ಎತ್ತರದ ಆಳು ಮೂಟೆಗಳ ಹಿಂದೆ ಹೇಗೆ ಹಿಡಿಸಿದನೋ!

ಅಮ್ಮೋನಿಯರ ಅರಸ ನಾಹಾಷ ಯಾಬೇಷ್ ಗಿಲ್ಯಾದ್ ಎಂಬ ಊರನ್ನು ಮುತ್ತಿ, ಊರಿನವರೆಲ್ಲ ಬಲಗಣ್ಣು ಕೀಳಿಸಿಕೊಂಡರೆ ಮಾತ್ರ ಒಪ್ಪಂದ ಎಂದ. ಸುದ್ದಿ ಬಂದಾಗ ಸೌಲ ಎತ್ತುಗಳ ಹಿಂದೆ ಹೊಲದಿಂದ ಮರಳುತ್ತಿದ್ದ. ಆರಿಸಿದ ಮೇಲೂ ಉಳುಮೆ ಬಿಟ್ಟಿರಲಿಲ್ಲ. ಒಂದು ಜೋಡಿ ಎತ್ತುಗಳನ್ನು ಕಡಿದು ತುಂಡುಗಳನ್ನು ಊರೂರಿಗೆ ಕಳಿಸಿದ: ಯುದ್ಧಕ್ಕೆ ಬಾರದವನ ಎತ್ತುಗಳಿಗೂ ಇದೇ ಗತಿ. ಯಾಬೇಷ್ ಉಳಿಯಿತು. ಗೆದ್ದ ಮೇಲೆ, ‘ಹಿಂದೆ ನಿನ್ನನ್ನು ಹಳಿದವರನ್ನು ಕೊಲ್ಲೋಣ’ ಎಂದವರಿಗೆ ‘ಇಂದು ಯಾರೂ ಸಾಯಬಾರದು’ ಎಂದ. ನೀನು ಮರೆತದ್ದು ಈ ಸೌಲನನ್ನು.

ಇನ್ನು ಗಿಲ್ಗಾಲ್ ಎಂಬಲ್ಲಿ ನಡೆದದ್ದು. ಆಗ ಇಸ್ರಾಯೇಲಿನಲ್ಲಿ ಕಮ್ಮಾರನೇ ಇಲ್ಲ. ನೇಗಿಲ ಗುಳ ಹರಿತ ಮಾಡಿಸಲೂ ಶತ್ರುಗಳಾದ ಫಿಲಿಷ್ಟಿಯರ ಬಳಿಗೇ ಹೋಗಿ ಒಂದು ‘ಪೀಮ್’ ತೂಕದ ಬೆಳ್ಳಿ ತೆರಬೇಕಿತ್ತು. (ಈ ಪದ ಎಷ್ಟೋ ಕಾಲ ಅನುವಾದಕರನ್ನು ಕಾಡಿತ್ತು, ಅದನ್ನೇ ಕೊರೆದ ತೂಕದ ಕಲ್ಲುಗಳು ಸಿಕ್ಕ ಮೇಲೆ ಅರ್ಥವಾಯಿತು.) ಖಡ್ಗವಿದ್ದದ್ದು ಸೌಲನಿಗೆ, ಮಗ ಯೋನಾತಾನನಿಗೆ, ಇಬ್ಬರಿಗೇ. ಇಂಥ ದಂಡು ಕಟ್ಟಿಕೊಂಡು ಸಮುವೇಲನಿಗಾಗಿ ಏಳು ದಿನ ಕಾದ. ಜನ ಕರಗಿ 600 ಉಳಿದರು. ಕೊನೆಗೆ ಸಮುವೇಲ ಅರ್ಪಿಸಬೇಕಿದ್ದ ಹೋಮವನ್ನು ತಾನೇ ಅರ್ಪಿಸಿದ. ಅದು ಮುಗಿಯುತ್ತಲೇ ಸಮುವೇಲ ಬಂದು, ನಿನ್ನ ರಾಜ್ಯ ನಿಲ್ಲದು ಎಂದ. ಇಲ್ಲಿ ನನಗೆ ಸಿಟ್ಟು ಬರುವುದು ಸಮುವೇಲನ ಮೇಲೆ.

ಅಮಾಲೇಕ್ಯರ ಸಂಗತಿ ಬೇರೆ. ಕೂಸುಗಳನ್ನೂ ಬಿಡದೆ ಅವರನ್ನು ಕೊಲ್ಲು ಎಂದು ಸಮುವೇಲ ದೇವರ ಹೆಸರಿನಲ್ಲಿ ಕೊಟ್ಟ ಆ ಆಜ್ಞೆಯನ್ನು ಓದುವುದೇ ಕಷ್ಟ. ಆದರೆ ಸೌಲ ಉಳಿಸಿದ್ದು ಕೂಸುಗಳನ್ನಲ್ಲ. ಅರಸ ಅಗಾಗನನ್ನು ಮತ್ತು ಕೊಬ್ಬಿದ ಕುರಿಗಳನ್ನು. ಆಜ್ಞೆ ಪಾಲಿಸಿದೆ ಎಂದು ಬೇರೆ ಹೇಳುತ್ತಾನೆ, ಹಿಂದೆ ಕುರಿಗಳು ಅರಚುತ್ತಿವೆ. ಆಮೇಲಿನದು ನಿನಗೆ ಗೊತ್ತು: ಸೌಲ ಕೊಂದದ್ದು ಸಾವಿರ, ದಾವೀದ ಕೊಂದದ್ದು ಹತ್ತು ಸಾವಿರ ಎಂಬ ಹೆಂಗಸರ ಹಾಡು, ದಾವೀದನತ್ತ ಬೀಸಿ ಗೋಡೆಗೆ ನಾಟಿದ ಈಟಿ. ದಾವೀದನಿಗೆ ನೆರವಾದರೆಂದು ನೋಬ್ ಊರಿನ 85 ಯಾಜಕರನ್ನು ಕೊಲ್ಲಿಸಿದ್ದು. ಯಾರೂ ಸಾಯಬಾರದು ಎಂದಿದ್ದವನೇ ಇವನು! ಇದನ್ನು ನಾನು ಸಮರ್ಥಿಸಲಾರೆ.

ಆದರೂ ಎಂದೋರ್ ಊರಿನ ಆ ರಾತ್ರಿಯನ್ನು ಇನ್ನೊಮ್ಮೆ ಓದು. ಸತ್ತವರನ್ನು ಮಾತಾಡಿಸುವವರನ್ನು ದೇಶದಿಂದ ಓಡಿಸಿದ್ದವನೇ ವೇಷ ಮರೆಸಿಕೊಂಡು ಅಂಥವಳ ಬಾಗಿಲಿಗೆ ಹೋಗುತ್ತಾನೆ. ಆಗಲೇ ಸತ್ತಿದ್ದ ಸಮುವೇಲ ಎದ್ದು ಬಂದು, ನಾಳೆ ನೀನೂ ನಿನ್ನ ಮಕ್ಕಳೂ ನನ್ನ ಜೊತೆ ಇರುತ್ತೀರಿ ಎಂದ. ಹಗಲಿರುಳು ಏನೂ ತಿನ್ನದಿದ್ದ ಸೌಲ ಉದ್ದಕ್ಕೆ ನೆಲಕ್ಕೆ ಬಿದ್ದ. ಆಗ ಆ ಹೆಂಗಸು, ‘ನಿನ್ನ ಮಾತು ನಾನು ಕೇಳಿದೆ, ಈಗ ನನ್ನ ಮಾತು ನೀನು ಕೇಳು, ಒಂದು ತುತ್ತು ತಿನ್ನು’ ಎಂದಳು. ಬೇಡವೆಂದರೂ ಬಿಡಲಿಲ್ಲ. ಮನೆಯಲ್ಲಿದ್ದ ಕೊಬ್ಬಿದ ಕರುವನ್ನು ಕೊಯ್ದಳು, ಹಿಟ್ಟು ನಾದಿ ಹುಳಿಯಿಲ್ಲದ ರೊಟ್ಟಿ ಸುಟ್ಟಳು. ಮೊದಲ ಊಟ ಪ್ರವಾದಿ ತೆಗೆದಿರಿಸಿದ್ದು. ಕೊನೆಯ ಊಟ ಇವಳದು.

ಮರುದಿನ ಫಿಲಿಷ್ಟಿಯರೊಡನೆ ಯುದ್ಧ, ಗಿಲ್ಬೋವ ಬೆಟ್ಟದಲ್ಲಿ. ಮೂವರು ಮಕ್ಕಳು ಸತ್ತರು. ಬಾಣ ತಾಗಿದ ಸೌಲ ತನ್ನ ಕತ್ತಿಯ ಮೇಲೆ ತಾನೇ ಬಿದ್ದ. ಫಿಲಿಷ್ಟಿಯರು ತಲೆ ಕಡಿದು, ದೇಹವನ್ನು ಬೇತ್ ಷೆಯಾನಿನ ಗೋಡೆಗೆ ತೂಗುಹಾಕಿದರು. ದಾವೀದ ಆಗ ದೂರದ ಚಿಕ್ಲಗಿನಲ್ಲಿದ್ದ. ಬಂದವರು ಯಾಬೇಷ್ ಗಿಲ್ಯಾದಿನವರು, ಎರಡೂ ಕಣ್ಣು ಉಳಿದಿದ್ದ ಆ ಊರಿನವರು. ಯೊರ್ದನಿನ ಆಚೆಯಿಂದ ರಾತ್ರಿಯಿಡೀ ನಡೆದು ಬಂದು, ಅಪ್ಪ ಮಕ್ಕಳ ಹೆಣಗಳನ್ನು ಇಳಿಸಿ ಹೊತ್ತೊಯ್ದು ಸುಟ್ಟರು, ಎಲುಬುಗಳನ್ನು ಪಿಚುಲ ಮರದ ಬುಡದಲ್ಲಿ ಹೂಳಿ ಏಳು ದಿನ ಉಪವಾಸವಿದ್ದರು.

ದಾವೀದನ ಪರ ವಾದ ನೀನು ಬರೆ, ಕಾಯುತ್ತೇನೆ.

ಇಂತಿ,
ನಿನ್ನ ಗೆಳೆಯ